ಅಡುಗೆಮನೆಯ ಪಂಚಾಂಗ

ಆಷಾಢ ಬಂತೆಂದರೆ ಮುಂಬಯಿಯ ಕನ್ನಡ, ತುಳು ಸಂಘಗಳ ವೇದಿಕೆಗಳಲ್ಲಿ ಒಂದು ಕೊರಗು ತಪ್ಪದೆ ಕೇಳಿಬರುತ್ತದೆ: ನಮ್ಮ ಹಬ್ಬಗಳು ಮಕ್ಕಳ ಕೈಗೆ ದಾಟುತ್ತಿಲ್ಲ. ತುಳುವರ ಆಟಿ ತಿಂಗಳಿನ ‘ಆಟಿದ ಒಂಜಿ ದಿನ’ ಕಾರ್ಯಕ್ರಮಕ್ಕೆ ಸಭಾಗೃಹ ತುಂಬುತ್ತದೆ. ಪತ್ರೊಡೆ, ಕಣಿಲೆ ಪಲ್ಯ, ತಜಂಕಿನ ಅಂಬಡೆ, ಹಲಸಿನ ಬೀಜದ ಗಸಿ ಎಲ್ಲವೂ ಸಾಲಾಗಿ ಬಡಿಸಲ್ಪಡುತ್ತವೆ. ಅಡುಗೆ ಗುತ್ತಿಗೆದಾರರದು, ಊಟ ನಮ್ಮದು. ಅತಿಥಿಗಳ ಭಾಷಣ, ಶಾಲು, ಫಲತಾಂಬೂಲ ಮುಗಿದ ಮೇಲೆ ಎಲ್ಲರೂ ಲೋಕಲ್ ಹಿಡಿದು ಮನೆಗೆ ಹೋಗುತ್ತಾರೆ. ಆ ಮನೆಗಳ ಒಲೆಯ ಮೇಲೆ ಆಟಿ ತಿಂಗಳ ಗುರುತು ಕಾಣುವುದು ಅಪರೂಪ. ಮುಂದಿನ ವರ್ಷ ಅದೇ ಕೊರಗು, ಅದಕ್ಕೆ ಅದೇ ಪರಿಹಾರ: ಇನ್ನೂ ದೊಡ್ಡ ಸಭಾಗೃಹ, ಇನ್ನೂ ಹೆಸರಾಂತ ಅತಿಥಿ.

ಈ ಪರಿಹಾರದಲ್ಲಿ ನನಗೆ ನಂಬಿಕೆಯಿಲ್ಲ. ಹಬ್ಬವೊಂದು ತಲೆಮಾರು ದಾಟುವುದು ಮನೆಯೊಳಗೆ, ಅದರಲ್ಲೂ ಒಲೆಯ ಮುಂದೆ. ಸಭೆ ಅದಕ್ಕೆ ಬಲ ಕೊಡಬಹುದು, ಅದರ ಜಾಗಕ್ಕೆ ಬರಲಾರದು. ಇದಕ್ಕೆ ಸಾಕ್ಷಿ ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ನಾನಿರುವ ಭಾಂಡುಪಿನಿಂದ ಕಲ್ಯಾಣದ ಕಡೆಗೆ ಹೊರಟರೆ ನಾಹುರ್, ಮುಲುಂಡ್, ಆಮೇಲೆ ಠಾಣೆ. ಅಲ್ಲಿ 1879ರಲ್ಲಿ ಕಟ್ಟಿದ ‘ಶಾರ್ ಹಶಮಾಯಿಮ್’ ಎಂಬ ಯಹೂದಿ ಪ್ರಾರ್ಥನಾ ಮಂದಿರ ಇಂದಿಗೂ ಜೀವಂತವಾಗಿದೆ. ಈ ರೈಲುದಾರಿಗೂ ನಮ್ಮ ಭಾಂಡುಪಿಗೂ ಹಳೆಯ ನಂಟು. 1843ರಲ್ಲಿ ಭಾಂಡುಪಿಗೆ ಬಂದಿದ್ದ ಬೊಂಬಾಯಿ ಸರಕಾರದ ಮುಖ್ಯ ಎಂಜಿನಿಯರ್ ಜಾರ್ಜ್ ಕ್ಲಾರ್ಕ್‌ಗೆ, ಬೊಂಬಾಯಿಯಿಂದ ಠಾಣೆ, ಕಲ್ಯಾಣದತ್ತ ರೈಲು ಹಾಕುವ ಯೋಚನೆ ಹೊಳೆದದ್ದು ಇಲ್ಲಿಯೇ ಎಂದು ರೈಲ್ವೆಯ ಇತಿಹಾಸ ಹೇಳುತ್ತದೆ. ಹತ್ತು ವರ್ಷಗಳ ನಂತರ, 1853ರ ಏಪ್ರಿಲ್ 16ರಂದು, ಬೋರಿ ಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಈ ದಾರಿಯಲ್ಲೇ ಓಡಿತು. ಕರಾವಳಿಯ ಹೋಟೆಲು ಕೆಲಸಗಾರರನ್ನೂ ಉತ್ತರ ಕರ್ನಾಟಕದ ಕೂಲಿಕಾರರನ್ನೂ ಉಪನಗರಗಳಿಗೆ ಹಂಚಿದ ಇದೇ ದಾರಿಯ ಉದ್ದಕ್ಕೂ ಕೊಂಕಣದ ಯಹೂದಿಗಳೂ ನೆಲೆಸಿದರು. ಅವರು ತಮ್ಮನ್ನು ಕರೆದುಕೊಳ್ಳುವುದು ಬೆನೆ ಇಸ್ರೇಲ್ ಎಂದು.

ಅವರ ಪರಂಪರೆಯ ಕಥೆ ಕಡಲಿನಿಂದ ಆರಂಭವಾಗುತ್ತದೆ. ಅಲಿಬಾಗಿನ ಬಳಿಯ ನವಗಾಂವ್ ತೀರದಲ್ಲಿ ಹಡಗು ಒಡೆದು ಏಳು ಗಂಡಸರೂ ಏಳು ಹೆಂಗಸರೂ ಬದುಕಿ ದಡ ಸೇರಿದರಂತೆ. ಸತ್ತವರನ್ನು ಅಲ್ಲಿಯೇ ಮಣ್ಣುಮಾಡಿ, ಉಳಿದವರು ಹಳ್ಳಿಗಳಲ್ಲಿ ಎಣ್ಣೆ ಗಾಣ ಹಾಕಿಕೊಂಡು ಬಾಳಿದರು. ಇದು ನಡೆದದ್ದು ಎರಡು ಸಾವಿರ ವರ್ಷದ ಹಿಂದೆಯೋ ಇನ್ನೂ ಈಚೆಗೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಹಳ್ಳಿಯ ಹೆಸರೇ ಮನೆತನದ ಹೆಸರಾಯಿತು: ದಿವೇಕರ್, ಪೆಣ್ಕರ್, ಕೇಹಿಮ್ಕರ್, ಚೇವುಲ್ಕರ್, ರಾಜ್‌ಪುರ್ಕರ್. ಮನೆಮಾತು ಮರಾಠಿಯಾಯಿತು. ಶನಿವಾರ ಮಾತ್ರ ಗಾಣ ತಿರುಗುತ್ತಿರಲಿಲ್ಲ. ಅದನ್ನು ನೋಡಿದ ನೆರೆಹೊರೆಯವರು ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು.

ಇವರ ಬಳಿ ಏನಿರಲಿಲ್ಲ ಎಂಬುದನ್ನು ಗಮನಿಸಬೇಕು. ಧರ್ಮಗ್ರಂಥದ ಪ್ರತಿ ಇರಲಿಲ್ಲ. ಹೀಬ್ರೂ ಓದಬಲ್ಲವರಿರಲಿಲ್ಲ. ಗುರುಗಳಿರಲಿಲ್ಲ. ಪ್ರಾರ್ಥನಾ ಮಂದಿರ ಮೊದಲೇ ಇರಲಿಲ್ಲ. ಮುಂಬಯಿಯಲ್ಲಿ ಮೊದಲನೆಯದು ಎದ್ದದ್ದು 1796ರಲ್ಲಿ. ಅಷ್ಟರವರೆಗೆ ಶತಮಾನಗಳ ಕಾಲ ಈ ಜನರ ಕೈಯಲ್ಲಿ ಉಳಿದದ್ದು ಶನಿವಾರದ ಬಿಡುವು, ಗಂಡುಮಗುವಿಗೆ ಎಂಟನೆಯ ದಿನದ ಸುನ್ನತಿ, ದೇವರು ಒಬ್ಬನೇ ಎಂದು ಸಾರುವ ‘ಶೆಮಾ’ ಎಂಬ ಸೊಲ್ಲು, ಮತ್ತು ಅಡುಗೆಮನೆ. ಡೇವಿಡ್ ರಹಾಬಿ ಎಂಬ ಯಹೂದಿ ಇವರನ್ನು ಗುರುತಿಸಿದ ಬಗೆಯನ್ನು ಸಮುದಾಯ ಇಂದಿಗೂ ಹೇಳುತ್ತದೆ. ಆತ ಬಗೆಬಗೆಯ ಮೀನುಗಳನ್ನು ಹೆಂಗಸರ ಮುಂದಿಟ್ಟು ಅಡುಗೆ ಮಾಡಲು ಕೇಳಿದನಂತೆ. ಅವರು ಹುರುಪೆಯೂ ಈಜುರೆಕ್ಕೆಯೂ ಇರುವ ಮೀನನ್ನಷ್ಟೇ ಆರಿಸಿ, ಉಳಿದದ್ದು ತಮಗೆ ನಿಷಿದ್ಧ ಎಂದು ಬದಿಗೆ ಸರಿಸಿದರು. ಅದು ಯಹೂದಿ ಧರ್ಮಶಾಸ್ತ್ರದ ನಿಯಮ. ಆತನ ಕಾಲದ ಬಗ್ಗೆ ವಾದವಿದೆ, ಕಥೆಯಲ್ಲಿ ಬಣ್ಣವೂ ಸೇರಿರಬಹುದು. ಆದರೂ ಈ ಸಮುದಾಯ ತನ್ನ ಗುರುತನ್ನು ನೆನಪಿಟ್ಟುಕೊಂಡ ಬಗೆ ನನ್ನ ಮಟ್ಟಿಗೆ ಮುಖ್ಯ. ಪರೀಕ್ಷೆ ನಡೆದದ್ದು ಅಡುಗೆಮನೆಯಲ್ಲಿ, ಗೆದ್ದವರು ಅಕ್ಷರ ಬಾರದ ಹೆಂಗಸರು.

ಹಬ್ಬಗಳ ಕಡೆಗೆ ಬಂದರೆ ಸಾಕ್ಷಿ ಇನ್ನಷ್ಟು ಗಟ್ಟಿಯಾಗುತ್ತದೆ. ಸಮುದಾಯದವರೇ ಆದ ಹಾಯಿಮ್ ಸ್ಯಾಮ್ಯುಯೆಲ್ ಕೇಹಿಮ್ಕರ್ 1897ರಲ್ಲಿ ಬೆನೆ ಇಸ್ರೇಲರ ಚರಿತ್ರೆಯನ್ನು ಬರೆದು ಮುಗಿಸಿದರು. ಅದು ಅಚ್ಚಾದದ್ದು 1937ರಲ್ಲಿ, ಟೆಲ್ ಅವೀವ್‌ನಲ್ಲಿ. ಹೊರಗಿನ ಗುರುಗಳು ಬರುವ ಮೊದಲು ಕೊಂಕಣದ ಹಳ್ಳಿಗಳಲ್ಲಿ ಆಚರಿಸುತ್ತಿದ್ದ ಹಬ್ಬಗಳನ್ನು ಅವರು ದಾಖಲಿಸಿದ್ದಾರೆ. ಎಲ್ಲವೂ ಮರಾಠಿ ಹೆಸರಿನವು. ವರ್ಷದ ಮೊದಲ ದಿನ ನವ್ಯಾಚಾ ಸಣ್. ಅದಾಗಿ ಕೆಲವೇ ದಿನಕ್ಕೆ ಖಿರೀಚಾ ಸಣ್: ಹೊಸ ಬೆಳೆಯ ಧಾನ್ಯಕ್ಕೆ ತೆಂಗಿನ ಹಾಲು ಹಾಕಿ ಖೀರು ಮಾಡಿ, ಧೂಪವಿಟ್ಟು, ಶೆಮಾ ಹೇಳಿ ಉಣ್ಣುವುದು. ಹತ್ತನೆಯ ದಿನ ದಾರ್‌ಫಾಳ್ಣೀಚಾ ಸಣ್: ಬಾಗಿಲು ಹಾಕಿಕೊಂಡು, ಬಿಳಿಯುಟ್ಟು, ಹೊರಗಿನವರ ಸಂಪರ್ಕವಿಲ್ಲದೆ ಉಪವಾಸ. ಲೋಕದ ಯಹೂದಿಗಳು ಯೋಮ್ ಕಿಪ್ಪುರ್ ಎನ್ನುವ ಪ್ರಾಯಶ್ಚಿತ್ತದ ದಿನವೇ ಇದು. ಮರುದಿನ ಶಿಳಾ ಸಣ್. ಬಾಗಿಲು ತೆರೆದು ದಾನ ಕೊಡುವುದು, ನಂಟರ ಮನೆಗೆ ಹೋಗುವುದು. ಹೋಳಿಯ ಹೊತ್ತಿಗೆ ಹೋಳೀಚಾ ಸಣ್, ಅಂದರೆ ಪೂರಿಮ್. ಪೂರ್ವಿಕರು ಗುಲಾಮಗಿರಿಯಿಂದ ಬಿಡುಗಡೆಯಾದುದನ್ನು ನೆನೆಯುವ ಪಾಸ್ಕದ ಹಬ್ಬಕ್ಕೆ ಅನಾಶಿ ಢಾಕಣ್ಯಾಚಾ ಸಣ್ ಎಂಬ ಹೆಸರು. ಅಡುಗೆಗೆ ಬಳಸುವ ಹುಳಿಯ ಜಾಡಿಯನ್ನು ಎಂಟು ದಿನ ಮುಚ್ಚಿಡುವುದು. ಜೆರುಸಲೇಮಿನ ದೇವಾಲಯ ಬಿದ್ದುದಕ್ಕೆ ಶೋಕ ಹಿಡಿಯುವ ದಿನ ಬಿರ್ಡ್ಯಾಚಾ ರೋಜಾ; ಮೊಳಕೆ ಬರಿಸಿ ಸಿಪ್ಪೆ ಸುಲಿದ ವಾಲಿನ ಕಾಳಿನ ಸಾರಿನಿಂದ ಆ ಉಪವಾಸ ಬಿಡುತ್ತಿದ್ದರು. ಹಿತಕಿದ ಅವರೆ ತಿಂದವರಿಗೆ ಆ ಕಾಳಿನ ರುಚಿಯನ್ನು ವಿವರಿಸಬೇಕಿಲ್ಲ.

ಈ ಪಟ್ಟಿಯನ್ನು ಓದಿದಾಗಲೆಲ್ಲ ನನಗೆ ಬೆರಗಾಗುತ್ತದೆ. ಜೆರುಸಲೇಮ್ ಎಲ್ಲಿದೆ ಎಂದು ಕೇಳಿದ್ದರೆ ಆ ಹಳ್ಳಿಯ ಅಜ್ಜಿ ಹೇಳುತ್ತಿದ್ದಳೋ ಇಲ್ಲವೋ. ಕಾಳನ್ನು ಯಾವ ದಿನ ನೆನೆಹಾಕಬೇಕು ಎಂಬುದು ಮಾತ್ರ ಅವಳಿಗೆ ಗೊತ್ತಿತ್ತು. ಗುಲಾಮಗಿರಿಯಿಂದ ಹೊರಟವರಿಗೆ ಹಿಟ್ಟು ಹುಳಿಯಲು ಬಿಡುವಿರಲಿಲ್ಲ ಎಂಬ ಕಥೆ ಮಸುಕಾಗಿದ್ದರೂ, ಹುಳಿಯನ್ನು ದೂರವಿಡಬೇಕೆಂಬ ನಿಯಮ ಜಾಡಿಯ ಮುಚ್ಚಳದಲ್ಲಿ ಉಳಿಯಿತು. ಕಥೆ ಮರೆತಮೇಲೂ ಕೈಗೆ ನೆನಪಿತ್ತು. ಶತಮಾನಗಳ ನಂತರ ಯಾರೋ ಬಂದು ಕಥೆಯನ್ನು ಮತ್ತೆ ಹೇಳಿದಾಗ, ಅದನ್ನು ಕೂರಿಸಲು ಜಾಗ ಸಿದ್ಧವಿತ್ತು.

ಉಳಿಯದೇ ಹೋದವುಗಳ ಕಡೆಗೂ ನೋಡಬೇಕು. ದೀಪದ ಹಬ್ಬ ಹನುಕ್ಕಾ ಇವರಿಗೆ ಗೊತ್ತೇ ಇರಲಿಲ್ಲ. ಆ ಹಬ್ಬ ಹುಟ್ಟಿದ್ದು ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ, ಆ ಹೊತ್ತಿಗೆ ಪೂರ್ವಿಕರು ನಾಡು ಬಿಟ್ಟಾಗಿತ್ತು ಎಂಬುದು ಸಮುದಾಯದ ವಿವರಣೆ. ಇರಬಹುದು. ಗುಡಿಸಲು ಕಟ್ಟಿ ಕೂರುವ ಸುಕ್ಕೋತ್‌ನ ಬದಲಿಗೆ ಉಳಿದದ್ದು ಹೊಸಧಾನ್ಯದ ಖೀರೇ ಇರಬೇಕೆಂದು ಬರೆದವರೂ ಇದ್ದಾರೆ. ಇದರಿಂದ ನಾನು ತೆಗೆಯುವ ತೀರ್ಮಾನ ಇಷ್ಟು: ಪುಸ್ತಕ, ಪುರೋಹಿತ ಇಲ್ಲದ ಕಡೆ, ಮನೆಯಲ್ಲಿ ಮಾಡುವ ಕೆಲಸವೊಂದಕ್ಕೆ ಕಟ್ಟಿಕೊಂಡ ಹಬ್ಬ ಬದುಕುವ ಸಂಭವ ಹೆಚ್ಚು.

ಹೊಸಧಾನ್ಯದ ಖೀರಿನ ಬಗ್ಗೆ ಇನ್ನೊಂದು ಮಾತು. ಕೊಂಕಣದಿಂದ ಕಾಸರಗೋಡಿನವರೆಗೆ ಈ ಕರಾವಳಿಯಲ್ಲಿ ಹೊಸ ಅಕ್ಕಿಗೆ ತಲೆಬಾಗದ ಜನವಿಲ್ಲ. ತುಳುವರು ತೆನೆ ತಂದು ಮನೆ ತುಂಬಿಸಿ ಪುದ್ದಾರ್ ಉಣ್ಣುತ್ತಾರೆ. ಮಂಗಳೂರಿನ ಕ್ಯಾಥೊಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ಭತ್ತವನ್ನು ಇಗರ್ಜಿಯಲ್ಲಿ ಹರಸಿ ತಂದು ಪಾಯಸಕ್ಕೆ ಬೆರೆಸುತ್ತಾರೆ. ಘಟ್ಟದ ಮೇಲಿನ ಒಕ್ಕಲಿಗರು ಸೀಗೆ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಬಸಿರಾದ ಪೈರಿಗೆ ಚರಗ ಚೆಲ್ಲುತ್ತಾರೆ. ಬೆನೆ ಇಸ್ರೇಲರ ಖೀರು ಇದೇ ಸಾಲಿನದು. ಅದಕ್ಕೆ ತೆಂಗಿನ ಹಾಲು ಬಂದದ್ದರ ಹಿಂದೆಯೂ ಒಂದು ಹದವಿದೆ. ಮಾಂಸದ ಜೊತೆ ಹಾಲು ಬೆರೆಸಬಾರದು ಎಂಬುದು ಯಹೂದಿ ನಿಯಮ. ಮಾಂಸದ ಊಟದ ಮೇಲೆ ಹಸುವಿನ ಹಾಲಿನ ಸಿಹಿ ಕೂಡದು. ಕೊಂಕಣದ ತೋಟದ ತೆಂಗು ಆ ತೊಡಕನ್ನು ಬಿಡಿಸಿತು. ಹೊಸ ವರ್ಷಕ್ಕೆ ಅವರು ಮಾಡುವ ಚಿಕ್ ಹಲ್ವಾ ಎಂದರೆ ನೆನೆಸಿದ ಗೋಧಿಯನ್ನು ಅರೆದು ಹಿಂಡಿದ ಹಾಲಿಗೆ ತೆಂಗಿನ ಹಾಲು, ಸಕ್ಕರೆ ಸೇರಿಸಿ ತಳ ಹಿಡಿಯದಂತೆ ಗಂಟೆಗಟ್ಟಲೆ ಮಗುಚುವ ಸಿಹಿ. ನಮ್ಮ ಗೋಧಿ ಹಾಲುಬಾಯಿಯ ಕುಲದ್ದೇ. ಶುಕ್ರವಾರ ಸಂಜೆಯ ಪ್ರಾರ್ಥನೆಗೆ ದ್ರಾಕ್ಷಾರಸ ಬೇಕು, ಕೊಂಕಣದಲ್ಲಿ ದ್ರಾಕ್ಷಾರಸವೆಲ್ಲಿ? ಕಪ್ಪು ಒಣದ್ರಾಕ್ಷಿಯನ್ನು ನೆನೆಸಿ ಕಿವುಚಿ ಸೋಸಿದ ಶರಬತ್ತು ಸಾಕಾಯಿತು. ಹರಕೆ, ಮದುವೆ, ಗೃಹಪ್ರವೇಶಕ್ಕೆಲ್ಲ ಮಲಿದಾ: ಅವಲಕ್ಕಿಗೆ ಸಕ್ಕರೆ, ಕಾಯಿತುರಿ, ಏಲಕ್ಕಿ ಬೆರೆಸಿ, ಸುತ್ತ ಹಣ್ಣುಗಳನ್ನಿಟ್ಟು, ಪ್ರವಾದಿ ಎಲಿಯಾಹುವನ್ನು ನೆನೆದು ಹಾಡಿ ಹಂಚುವುದು. ತತ್ವ ಪ್ಯಾಲೆಸ್ತೀನಿನ ನೆಲದಿಂದ ಬಂದದ್ದು, ಅವಲಕ್ಕಿ ರಾಯಗಡದ ಗದ್ದೆಯದು. ಎರಡರಲ್ಲಿ ಯಾವುದೂ ಇನ್ನೊಂದನ್ನು ಕೆಡಿಸಲಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದುದಲ್ಲ. ಹೀಗೆ ಸ್ಥಳೀಯ ಬಣ್ಣ ಬಳಿದುಕೊಂಡದ್ದನ್ನು ಉಳಿಕೆ ಎನ್ನಬೇಕೆ, ಕರಗುವಿಕೆ ಎನ್ನಬೇಕೆ? ಈ ಪ್ರಶ್ನೆ ಬೆನೆ ಇಸ್ರೇಲರ ಬಾಳಿನಲ್ಲಿ ಕಹಿಯಾಗಿಯೇ ಎದುರಾಯಿತು. 1948ರ ನಂತರ ಇಸ್ರೇಲಿಗೆ ವಲಸೆ ಹೋದವರ ಯಹೂದಿತನವನ್ನೇ ಅಲ್ಲಿನ ಧರ್ಮಪೀಠ ಶಂಕಿಸಿತು. 1962ರಲ್ಲಿ, ಅವರು ಬೇರೆ ಯಹೂದಿಗಳನ್ನು ಮದುವೆಯಾಗುವ ಮೊದಲು ವಂಶವನ್ನು ಪರಿಶೀಲಿಸಬೇಕೆಂಬ ಸೂಚನೆ ಹೊರಟಿತು. ಬೆನೆ ಇಸ್ರೇಲರು ಜೆರುಸಲೇಮಿನಲ್ಲಿ ಪ್ರತಿಭಟನೆಗೆ ಕುಳಿತರು. 1964ರಲ್ಲಿ ಇಸ್ರೇಲಿನ ಸಂಸತ್ತು ಅವರ ಪರ ನಿಂತು, ಅವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಸಾರಿತು. ಹುರುಪೆಯಿಲ್ಲದ ಮೀನನ್ನು ಶತಮಾನಗಳ ಕಾಲ ಮುಟ್ಟದ ಜನರಿಗೆ ಪುಸ್ತಕ ಹಿಡಿದವರು ಪ್ರಮಾಣಪತ್ರ ಕೇಳಿದ್ದು ಅನ್ಯಾಯ ಎಂದೇ ನನ್ನ ನಿಲುವು. ಕರಗಿಹೋಗುವುದಿದ್ದರೆ ಅವರು ಎಂದೋ ಕರಗಬಹುದಿತ್ತು. ಮುಂಬಯಿ ಪ್ರಾಂತದ ಸಾವಿರ ಜಾತಿಗಳ ನಡುವೆ ಇನ್ನೊಂದು ಜಾತಿಯಾಗಿ ಬೆರೆತುಬಿಡಲು ಅವರಿಗೆ ಯಾರ ಅಡ್ಡಿಯೂ ಇರಲಿಲ್ಲ. ಈ ನೆಲದಲ್ಲಿ ಅವರನ್ನು ಯಹೂದಿಗಳೆಂದು ಹಿಂಸಿಸಿದ ಚರಿತ್ರೆಯೂ ಇಲ್ಲ. ಬಲವಂತವಿಲ್ಲದ ಕಡೆ ಬೇರೆಯಾಗಿ ಉಳಿಯುವುದಕ್ಕೆ ಪ್ರತಿದಿನದ ಒಪ್ಪಿಗೆ ಬೇಕು. ಆ ಒಪ್ಪಿಗೆ ಅವರ ತಟ್ಟೆಯಲ್ಲಿತ್ತು.

ಎರಡನೆಯ ಆಕ್ಷೇಪವನ್ನು ನಾನು ಬಹುಪಾಲು ಒಪ್ಪುತ್ತೇನೆ. ಬರಿಯ ಅಡುಗೆಮನೆಯಿಂದ ಎಲ್ಲವೂ ಆಗಲಿಲ್ಲ. ರಹಾಬಿ ಕೆಲವು ಮನೆತನದವರಿಗೆ ಧರ್ಮವಿಧಿ ಕಲಿಸಿ ಕಾಜಿಗಳನ್ನಾಗಿ ಮಾಡಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಚ್ಚಿಯಿಂದ ಯಹೂದಿ ಗುರುಗಳು ಬಂದರು. ಮತಾಂತರದ ಉದ್ದೇಶದಿಂದ ಬಂದ ಪಾದ್ರಿಗಳ ಶಾಲೆಗಳಲ್ಲಿ ಹೀಬ್ರೂ ಕಲಿತವರು ಆ ಕಲಿಕೆಯನ್ನು ತಮ್ಮ ಧರ್ಮಕ್ಕೇ ಬಳಸಿಕೊಂಡರು. ಪಾಸ್ಕದ ರಾತ್ರಿ ಓದುವ ‘ಹಗ್ಗಾದಾ’ ಮರಾಠಿ ಅನುವಾದದೊಂದಿಗೆ 1846ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಇನ್ನೊಂದರಲ್ಲಿ ಸೀರೆಯುಟ್ಟ ಹೆಂಗಸರು ನೆಲದ ಮೇಲೆ ಕುಳಿತು ಹುಳಿಯಿಲ್ಲದ ರೊಟ್ಟಿ ಮಾಡುತ್ತಿರುವ ಚಿತ್ರವಿದೆ. ಪುಸ್ತಕ ಅಡುಗೆಮನೆಯನ್ನು ಹೊರಗಿಡಲಿಲ್ಲ, ತನ್ನ ಪುಟದ ಮೇಲೆಯೇ ಅದಕ್ಕೆ ಜಾಗ ಕೊಟ್ಟಿತು. ಬಲ್ಲವರು ಬೇಕು, ಬರಹ ಬೇಕು. ನಮ್ಮ ಆಟಿ ಅಮಾವಾಸ್ಯೆಯನ್ನೇ ನೋಡಿ. ಪಾಲೆ ಮರದ ತೊಗಟೆಯನ್ನು ಬೆಳಕು ಹರಿಯುವ ಮುಂಚೆ ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತಂದು, ಬೆಳ್ಳುಳ್ಳಿ, ಓಮ, ಕಾಳುಮೆಣಸು ಅರೆದು ಕಷಾಯ ಮಾಡುತ್ತೇವೆ. ಮರ ಗುರುತಿಸಲು ಬಾರದವರು ಬೇರೆ ಮರದ ತೊಗಟೆ ತಂದರೆ ಪ್ರಾಣಕ್ಕೇ ಎರವು. ಸಂಘಗಳಿಗೆ ನಿಜವಾದ ಕೆಲಸ ಇಲ್ಲಿದೆ: ಮರ ತೋರಿಸುವುದು, ಬಲ್ಲವರಿಂದ ಕಲಿಸುವುದು, ಬರೆದಿಡುವುದು.

ಮುಂಬಯಿಯ ಮೊದಲ ಯಹೂದಿ ಮಂದಿರದ ಕಥೆಗೆ ನಮ್ಮ ಮೈಸೂರಿನ ನಂಟೂ ಇದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಗೆ ಬಿದ್ದರು. ಸೆರೆಯಾಳುಗಳು ಬೆನೆ ಇಸ್ರೇಲರೆಂದು ತಿಳಿದ ಟಿಪ್ಪುವಿನ ತಾಯಿ, ಕುರಾನಿನಲ್ಲಿ ಓದಿದ ಆ ಜನ ಇವರೇ ಎಂದು ಅವರ ಜೀವ ಉಳಿಸುವಂತೆ ಮಗನನ್ನು ಕೇಳಿದಳೆಂಬುದು ಸಮುದಾಯದ ಪರಂಪರೆಯ ಮಾತು. ಬದುಕಿ ಬಂದ ದಿವೇಕರ್ ಹರಕೆ ತೀರಿಸಲು 1796ರಲ್ಲಿ ಮಾಂಡವಿಯಲ್ಲಿ ‘ಶಾರ್ ಹರಹಮೀಮ್’ ಎಂಬ ದಯೆಯ ದ್ವಾರವನ್ನು ಕಟ್ಟಿಸಿದರು. ಅಲ್ಲಿನ ಬೀದಿ ಇಂದಿಗೂ ಸ್ಯಾಮ್ಯುಯೆಲ್ ಸ್ಟ್ರೀಟ್. ಮಂದಿರ ಬಂದ ಮೇಲೆ ಸಮುದಾಯಕ್ಕೆ ಬಲ ಬಂತು, ಶಾಲೆ ಬಂತು, ಅಲಿಬಾಗ್, ಪನ್ವೇಲ್, ರೇವದಂಡಾಗಳಲ್ಲಿ ಇನ್ನಷ್ಟು ಮಂದಿರಗಳೆದ್ದವು. ಆದರೆ ಯಹೂದಿ ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದಂತೆ ಹತ್ತು ಮಂದಿ ವಯಸ್ಕ ಗಂಡಸರು ಸೇರಲೇಬೇಕು. 1951ರ ಜನಗಣತಿಯಲ್ಲಿ ಇಡೀ ಭಾರತದಲ್ಲಿ ಇಪ್ಪತ್ತಾರು ಸಾವಿರದಷ್ಟಿದ್ದ ಯಹೂದಿಗಳು 2011ರ ಹೊತ್ತಿಗೆ ಐದು ಸಾವಿರಕ್ಕಿಂತ ಕಡಿಮೆಯಾಗಿದ್ದರು. ಕೊಂಕಣದ ಊರುಗಳಲ್ಲಿ ಹತ್ತು ಮಂದಿಯನ್ನು ಕೂಡಿಸುವುದೇ ಕಷ್ಟ. ಶುಕ್ರವಾರದ ಒಣದ್ರಾಕ್ಷಿ ನೆನೆಹಾಕಲು ಒಬ್ಬರು ಸಾಕು. ಜನ ಕಡಿಮೆಯಾಗುತ್ತಿರುವ ಯಾವ ಸಮುದಾಯವೂ ಈ ಲೆಕ್ಕವನ್ನು ಮರೆಯಬಾರದು. ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಸೊರಗುತ್ತಿರುವುದನ್ನು ಕಂಡ ನಮಗಂತೂ ಅದು ಅರ್ಥವಾಗಬೇಕು. ಇಸ್ರೇಲಿಗೆ ಹೋದ ಬೆನೆ ಇಸ್ರೇಲರು ಅಲ್ಲಿಯೂ ಮಲಿದಾ ಕಲಸುತ್ತಾರೆ, ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನೂ ಹೊರಡಿಸಿದರು.

ದಿನದ ವಿಷಯವನ್ನೂ ಹೇಳಲೇಬೇಕು. ಯಹೂದಿ ಪಂಚಾಂಗವೂ ನಮ್ಮದರಂತೆ ಚಂದ್ರನನ್ನು ನೋಡಿ ನಡೆಯುವುದು; ಅವರಲ್ಲಿಯೂ ಅಧಿಕಮಾಸವಿದೆ, ಹತ್ತೊಂಬತ್ತು ವರ್ಷದಲ್ಲಿ ಏಳು ಸಲ. ಹಾಗಾಗಿ ಅವರ ಹಬ್ಬವೂ ನಮ್ಮ ಹಬ್ಬವೂ ಹೆಚ್ಚಿನ ವರ್ಷ ಅಕ್ಕಪಕ್ಕದಲ್ಲೇ ನಡೆಯುತ್ತವೆ. 2025ರಲ್ಲಂತೂ ಕೈಹಿಡಿದೇ ನಡೆದವು. ಪೂರಿಮ್ ಹೋಳಿ ಹುಣ್ಣಿಮೆಗೆ ಬಂತು. ಪಾಸ್ಕದ ರಾತ್ರಿ ಏಪ್ರಿಲ್ 12ರ ಚೈತ್ರ ಹುಣ್ಣಿಮೆಗೆ. ಅವರ ಹೊಸ ವರ್ಷ ಹುಟ್ಟಿದ ಸಂಜೆ ಸೆಪ್ಟೆಂಬರ್ 22, ನಮ್ಮ ನವರಾತ್ರಿಯ ಮೊದಲ ದಿನ. ಅವರು ಉಪವಾಸದಲ್ಲಿ ಬಾಗಿಲು ಹಾಕಿಕೊಂಡಿದ್ದ ಅಕ್ಟೋಬರ್ 2ರಂದು ನಮಗೆ ವಿಜಯದಶಮಿ, ದೇಶಕ್ಕೆ ಗಾಂಧಿ ಜಯಂತಿ. ಸೀಗೆ ಹುಣ್ಣಿಮೆಯ ಹೊತ್ತಿಗೆ ಅವರ ಸುಕ್ಕೋತ್. ಈ ಹಬ್ಬಗಳು ವರ್ಷದಿಂದ ವರ್ಷಕ್ಕೆ ವಾರದ ಬೇರೆ ಬೇರೆ ದಿನಕ್ಕೆ ಬೀಳುತ್ತವೆ. ಬಿದ್ದ ದಿನವೇ ಆಚರಿಸಬೇಕು. ಗಾಣ ನಿಂತರೆ ನಷ್ಟವೆಂದು ಗೊತ್ತಿದ್ದೂ ಶನಿವಾರ ನಿಲ್ಲಿಸಿದವರು ಅವರ ಹಿರಿಯರು. ನಮ್ಮ ಸಂಘಗಳ ಆಟಿ ಯಾವುದೋ ಒಂದು ಭಾನುವಾರದ್ದು. ಸಭಾಗೃಹ ಸಿಕ್ಕ ದಿನ ಆಟಿ. ದುಡಿಯುವ ಜನಕ್ಕೆ ಭಾನುವಾರವೇ ಬಿಡುವು, ಅದನ್ನು ನಾನು ಅಲ್ಲಗಳೆಯಲಾರೆ. ಮೊದಲ ಲೋಕಲ್‌ಗೆ ಹೊರಟು ರಾತ್ರಿ ಮರಳುವವರಿಗೆ ಅಮಾವಾಸ್ಯೆ ಬುಧವಾರ ಬಂದರೆ ಏನು ಮಾಡಿಯಾರು? ಒಂದು ಲೋಟ ಕಷಾಯ ಕುಡಿಯಬಹುದು, ಮೆಂತೆ ಗಂಜಿ ಉಣ್ಣಬಹುದು. ಅದಕ್ಕೆ ರಜೆ ಬೇಡ. ತಿಂಗಳು, ತಿಥಿ, ಮಳೆ ಇವುಗಳಿಂದ ಬಿಡಿಸಿ ಎತ್ತಿದ ಹಬ್ಬ ಮಕ್ಕಳ ಕಣ್ಣಿಗೆ ಒಂದು ಕಾರ್ಯಕ್ರಮವಷ್ಟೇ.

ಮೂರನೆಯ ಆಕ್ಷೇಪ ನನ್ನ ಮನಸ್ಸಿಗೆ ಹೆಚ್ಚು ಹತ್ತಿರದ್ದು. ಅಡುಗೆಮನೆ ಹಬ್ಬವನ್ನು ಉಳಿಸಿತು ಎನ್ನುವಾಗ, ಉಳಿಸಿದ ಕೈ ಯಾರದು? ಕಾಳು ಸುಲಿದವರು, ಹಲ್ವಾ ಮಗುಚಿದವರು, ಉಪವಾಸದ ಮರುದಿನ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿದವರು ಹೆಂಗಸರು. ಪ್ರಾರ್ಥನೆಯ ಹತ್ತು ಮಂದಿಯ ಲೆಕ್ಕದಲ್ಲಿ ಮಾತ್ರ ಅವರಿಗೆ ಜಾಗವಿರಲಿಲ್ಲ. ನಮ್ಮಲ್ಲೂ ಬೇರೆಯಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿ ಕೆಲಸಕ್ಕೆ ಓಡುವ ಭಾಂಡುಪಿನ ಹೆಣ್ಣುಮಗಳಿಗೆ ‘ಹಬ್ಬ ಮನೆಯಲ್ಲೇ ಮಾಡಿ’ ಎಂದು ಬುದ್ಧಿ ಹೇಳುವುದು ಸುಲಭ. ಅವಳ ಪಾಲಿಗೆ ಅದು ಇನ್ನೊಂದು ಪಾಳಿಯ ದುಡಿಮೆ. ಗುತ್ತಿಗೆದಾರರ ಊಟಕ್ಕೆ ಅವಳು ನಿಟ್ಟುಸಿರು ಬಿಟ್ಟಿದ್ದರೆ ತಪ್ಪೇನಿಲ್ಲ. ಆದ್ದರಿಂದ ನನ್ನ ವಾದಕ್ಕೆ ಒಂದು ಷರತ್ತಿದೆ, ಅದಿಲ್ಲದೆ ವಾದವೇ ನಿಲ್ಲದು: ಹಬ್ಬದ ಕೆಲಸ ಮನೆಯ ಎಲ್ಲರಿಗೂ ಹಂಚಿಹೋಗಬೇಕು.

ಹಂಚುವ ದಾರಿ ಎರಡೂ ಪರಂಪರೆಗಳಲ್ಲಿ ಮೊದಲೇ ಇದೆ. ಪಾಸ್ಕದ ರಾತ್ರಿಯ ಊಟ ಮಗುವಿನ ಪ್ರಶ್ನೆಯಿಲ್ಲದೆ ಮುಂದುವರಿಯುವುದಿಲ್ಲ. ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಯಾಕೆ ಬೇರೆ ಎಂದು ಮನೆಯ ಅತಿ ಕಿರಿಯ ಮಗು ಕೇಳಬೇಕು, ಹಿರಿಯರು ಉತ್ತರ ಕೊಡಬೇಕು. ಗುಲಾಮಗಿರಿಯ ನೋವಿಗೆ ಕಹಿ ಸೊಪ್ಪು, ಇಟ್ಟಿಗೆ ಕಟ್ಟಿದ ಕೆಸರಿನ ನೆನಪಿಗೆ ಸಿಹಿಯಾದ ಹರೋಸೆತ್. ಬೆನೆ ಇಸ್ರೇಲರು ಅದನ್ನು ಖರ್ಜೂರ ಬೇಯಿಸಿ ಮಾಡುತ್ತಾರೆ. ಮಗು ತಿನ್ನುತ್ತಲೇ ಕೇಳುತ್ತದೆ, ಕೇಳುತ್ತಲೇ ಕಲಿಯುತ್ತದೆ. ಯುಗಾದಿಯ ಬೇವುಬೆಲ್ಲಕ್ಕೂ ಆಟಿಯ ಕಷಾಯಕ್ಕೂ ಇಂಥದೇ ಕೆಲಸವಿತ್ತು. ಮುಖ ಸಿಂಡರಿಸಿದ ಮಗು ‘ಇದು ಯಾಕೆ ಇಷ್ಟು ಕಹಿ’ ಎಂದು ಕೇಳಿದ ಕ್ಷಣದಲ್ಲಿ ಹಬ್ಬ ಶುರುವಾಗುತ್ತದೆ. ಮಳೆಗಾಲದ ಬಡತನ, ಗದ್ದೆಯ ಕೆಲಸ ಮುಗಿದು ಕಣಜ ಬರಿದಾದ ತಿಂಗಳು, ಕಾಡಿನ ಸೊಪ್ಪು, ಕೆಸುವಿನ ಎಲೆ, ಹಲಸಿನ ಬೀಜ ತಿಂದು ಕಳೆದ ದಿನಗಳು, ಹೊಟ್ಟೆಯ ಹುಳಕ್ಕೆ ಮದ್ದು, ಎಲ್ಲವನ್ನೂ ಹೇಳಲು ಅದೊಂದು ಪ್ರಶ್ನೆ ಸಾಕು. ಊರಿನಲ್ಲಿ ತೊಗಟೆ ತರುವುದು ಗಂಡಸರ ಪಾಲಿನ ಕೆಲಸವಾಗಿತ್ತು ಎಂಬುದನ್ನೂ ನೆನಪಿಡೋಣ. ಮಗುಚುವ ಸೌಟು ಹಿಡಿಯಲು ಗಂಡಸಿನ ರಟ್ಟೆಗೆ ಶಕ್ತಿ ಕಡಿಮೆಯೇನಿಲ್ಲ.

ಮನೆ ಚಿಕ್ಕದು ಎಂಬುದೂ ನಿಜ. ಭಾಂಡುಪಿನ ಚಾಳುಗಳಲ್ಲಿ ಅಡುಗೆಮನೆ ಎಂದರೆ ಕೋಣೆಯ ಒಂದು ಕಟ್ಟೆ. ಆದರೆ ಬೆನೆ ಇಸ್ರೇಲರ ಗಾಣದ ಮನೆಗಳೂ ಅರಮನೆಗಳಾಗಿರಲಿಲ್ಲ. ಭಾದ್ರಪದದಲ್ಲಿ ಸ್ಟೇಷನ್ ಬಳಿಯ ಮಾರುಕಟ್ಟೆಗೆ ಅರಿಶಿನದ ಎಲೆ ಬರುತ್ತದೆ. ಮರಾಠಿಯವರು ಗಣಪತಿಯ ಪಾತೋಳಿಗೆ ಒಯ್ಯುತ್ತಾರೆ, ಕೊಂಕಣಿಗರೂ ಒಯ್ಯುತ್ತಾರೆ, ನಮ್ಮವರು ಕಡುಬಿಗೆ ಒಯ್ಯುತ್ತಾರೆ. ಕೆಸುವಿನ ಎಲೆ ಮಳೆಗಾಲದುದ್ದಕ್ಕೂ ಸಿಗುತ್ತದೆ. ಇಲ್ಲಿ ಅದನ್ನು ಆಳೂ ಎನ್ನುತ್ತಾರೆ. ಅವಲಕ್ಕಿ, ತೆಂಗು, ಬೆಲ್ಲ ಯಾವ ಕಿರಾಣಿ ಅಂಗಡಿಯಲ್ಲಿ ಇಲ್ಲ? ಸಾಮಗ್ರಿಯ ಕೊರತೆ ನಮ್ಮ ಹಬ್ಬಗಳನ್ನು ಕೊಲ್ಲುತ್ತಿಲ್ಲ.

ಮಹಾರಾಷ್ಟ್ರ ಸರಕಾರ 2016ರಲ್ಲಿ ಯಹೂದಿಗಳಿಗೆ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. ಅದು ನ್ಯಾಯ, ತಡವಾಗಿ ಬಂದ ನ್ಯಾಯ. ಮುಂಬಯಿಯ ಕನ್ನಡಿಗರೂ ಭಾಷಾ ಅಲ್ಪಸಂಖ್ಯಾತರೇ. ನಮಗೂ ಶಾಲೆ, ಭವನ, ಅನುದಾನದ ಹಕ್ಕು ಬೇಕು, ಅದಕ್ಕಾಗಿ ಸಂಘಗಳು ಹೋರಾಡಲಿ. ಅದರ ಜೊತೆಗೆ ಸಂಘಗಳ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಆಟಿಗೆ ಊಟದ ಗುತ್ತಿಗೆ ಕೊಡುವ ಮೊದಲು ಆ ಹಣದಲ್ಲಿ ಒಂದು ಭಾಗ ತೆಗೆದಿಡಿ. ಪಾಲೆ ಮರ ಬಲ್ಲವರೊಬ್ಬರನ್ನು ಕರೆಸಿ ಯುವಕರಿಗೆ ಮರ ತೋರಿಸಿ. ಪತ್ರೊಡೆ ಸುತ್ತಲು ಬಲ್ಲ ಅಜ್ಜಿಯರ ಮುಂದೆ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಕೂರಿಸಿ. ಅಮಾವಾಸ್ಯೆಯ ಹಿಂದಿನ ಸಂಜೆ ಪ್ರತಿ ಸದಸ್ಯರ ಮನೆಗೆ ಕೆಸುವಿನ ಎಲೆಯ ಒಂದು ಕಟ್ಟು, ಹಬ್ಬದ ಕಥೆ ಬರೆದ ಒಂದು ಹಾಳೆ ತಲುಪಿಸಿ. ಮನೆಯವರು ಆ ದಿನವೇ, ಎಷ್ಟು ಸಣ್ಣದಾಗಿ ಆದರೂ, ಎಲ್ಲರೂ ಕೈಹಾಕಿ ಹಬ್ಬ ಮಾಡಲಿ. ಅತಿಥಿಗಳ ಭಾಷಣವನ್ನು ಅದರ ಮುಂದಿನ ಭಾನುವಾರ ಇಟ್ಟುಕೊಳ್ಳೋಣ.